ಮೊಡವೆಯ ಕಲೆ ಮತ್ತು ಬಿಳಿ ಚರ್ಮದ ಅಳತೆಗೋಲು

ಮೊಡವೆ ಉಳಿಸಿಹೋದ ಗುಳಿಗಳನ್ನು ಲೇಸರ್ ಅಳಿಸಿಹಾಕುತ್ತದೆ ಎಂದು ಸಾರುವ ಜಾಹೀರಾತುಗಳು ಒಂದು ಪ್ರಶ್ನೆಯಿಂದ ಸದಾ ನುಣುಚಿಕೊಳ್ಳುತ್ತವೆ: ಯಾರ ಚರ್ಮದ ಮೇಲೆ?

ಇಂದಿಗೂ ಲೇಸರ್ ಕೋಣೆಗಳಲ್ಲಿ ಬಳಕೆಯಲ್ಲಿರುವ ಅಳತೆಗೋಲು 1975ರಲ್ಲಿ ಹಾರ್ವರ್ಡ್‌ನ ಚರ್ಮತಜ್ಞ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ರೂಪಿಸಿದ ವರ್ಗೀಕರಣ. ನೇರಳಾತೀತ ಕಿರಣ ಚಿಕಿತ್ಸೆಯ ಪ್ರಮಾಣ ನಿರ್ಧರಿಸಲು, ಬಿಸಿಲಿಗೆ ಬಿಳಿಯರ ಚರ್ಮ ಎಷ್ಟು ಸುಡುತ್ತದೆ, ಎಷ್ಟು ಕಂದುತ್ತದೆ ಎಂದು ಅಳೆಯಲು ಅದು ಹುಟ್ಟಿತು. ಕಂದು, ಕಪ್ಪು ಮೈಬಣ್ಣಗಳಿಗೆ ಅದರಲ್ಲಿ ಜಾಗ ದೊರೆತದ್ದು ಆಮೇಲೆ.

ಇದರ ಬೆಲೆ ತೆರುವವರು ವಲಸಿಗರು. ಲೇಸರ್ ಶಾಖದ ಗಾಯ ಮಾಯುವಾಗ ಕಂದು ಚರ್ಮದಲ್ಲಿ ಮೆಲನಿನ್ ಕೆರಳುತ್ತದೆ. ಗುಳಿ ತುಸು ತುಂಬಿದರೂ ಕಪ್ಪು ಮಚ್ಚೆ ತಿಂಗಳುಗಟ್ಟಲೆ ಉಳಿಯಬಹುದು. ತಡೆಯುವ ದಾರಿ ವೈದ್ಯರಿಗೆ ತಿಳಿಯದ್ದೇನಲ್ಲ: ಲೇಸರ್ ಚುಕ್ಕೆಗಳ ದಟ್ಟಣೆ ಕಡಿಮೆ ಮಾಡುವುದು, ಸರದಿಗಳ ನಡುವೆ ಹೆಚ್ಚು ಅಂತರ ಬಿಡುವುದು, ಮೊದಲು ಪುಟ್ಟ ಜಾಗದಲ್ಲಿ ಪರೀಕ್ಷಿಸುವುದು. ಶಾಖವಿಲ್ಲದ ಸೂಕ್ಷ್ಮ ಸೂಜಿಗಳ ಚಿಕಿತ್ಸೆಯಲ್ಲಿ ಈ ಅಪಾಯ ಇನ್ನೂ ಕಡಿಮೆ. ಆದರೆ ಸರದಿಗಿಷ್ಟು ಎಂದು ಹಣ ಎಣಿಸುವ ಮಾರುಕಟ್ಟೆಗೆ ಈ ತಾಳ್ಮೆ ಲಾಭದಾಯಕವಲ್ಲ.

ಅಮೆರಿಕದ ವಿಮಾ ಕಂಪನಿಗಳು ಸಾಮಾನ್ಯವಾಗಿ ಕಲೆಯ ಚಿಕಿತ್ಸೆಯನ್ನು 'ಸೌಂದರ್ಯ'ದ ಲೆಕ್ಕಕ್ಕೆ ಸೇರಿಸಿ ಕೈತೊಳೆದುಕೊಳ್ಳುತ್ತವೆ. ಬ್ರಿಟನ್ನಿನ ಎನ್‌ಎಚ್‌ಎಸ್‌ನ ನಿಲುವೂ ಹೆಚ್ಚು ಬೇರೆಯಲ್ಲ. ಮೊಡವೆಯಾದರೋ ಕಾಯಿಲೆ, ತೀವ್ರವಾದಾಗ ಸಕಾಲದಲ್ಲಿ ಔಷಧ ಸಿಕ್ಕರೆ ಬಹುಪಾಲು ಗುಳಿಗಳನ್ನು ತಡೆಯಬಹುದು. ತಜ್ಞರ ಭೇಟಿಗೆ ಹಣವಿಲ್ಲದ ವಿದ್ಯಾರ್ಥಿ, ರಜೆ ಸಿಗದ ದುಡಿಮೆಗಾರ ತಡವಾಗುತ್ತಾರೆ. ವ್ಯವಸ್ಥೆ ತಡಮಾಡಿ ಮೂಡಿಸಿದ ಕಲೆಯನ್ನು ಅಳಿಸುವ ಖರ್ಚು ಮಾತ್ರ ಅವರ ಹೆಗಲಿಗೆ.

ಹಾಗೆಂದು ಕನ್ನಡಿಗರು ತಮ್ಮ ಮನೆಯ ಕನ್ನಡಿಯಿಂದ ಮುಖ ತಿರುಗಿಸುವಂತಿಲ್ಲ. 2020ರಲ್ಲಿ 'ಫೇರ್ ಅಂಡ್ ಲವ್ಲಿ' ತನ್ನ ಹೆಸರಿನಿಂದ 'ಫೇರ್' ಕೈಬಿಟ್ಟು 'ಗ್ಲೋ' ಸೇರಿಸಿಕೊಂಡಿತು. ಬಿಳುಪಿನ ಹಂಬಲ ಕೈಬಿಡಲಿಲ್ಲ. ವಿದೇಶದ ಬೀದಿಯಲ್ಲಿ ವರ್ಣಭೇದದ ವಿರುದ್ಧ ಫಲಕ ಹಿಡಿದವರೇ ಮಗನಿಗೆ ಹೆಣ್ಣು ಹುಡುಕುವಾಗ 'ಬೆಳ್ಳಗಿರಬೇಕು' ಎನ್ನುತ್ತಾರೆ. ಕಲೆ ಅಳಿಸುವ ಯಂತ್ರವೂ ಬಣ್ಣ ತಿಳಿಗೊಳಿಸುವ ಆಮಿಷವೂ ಒಂದೇ ದರಪಟ್ಟಿಯಲ್ಲಿ ಕೂರುವುದು ಇಂಥವರ ನಂಬಿಕೆಯ ಮೇಲೆಯೇ.

ಕಲೆ ಗಾಯದ ಗುರುತು, ಬಣ್ಣ ಗಾಯವಲ್ಲ. ಗುಳಿಬಿದ್ದ ಮುಖದಿಂದ ನೊಂದವರಿಗೆ ಸುರಕ್ಷಿತ ಚಿಕಿತ್ಸೆ ಹಕ್ಕಾಗಿ ಸಿಗಬೇಕು. ಕಂದು ಚರ್ಮದಲ್ಲಿ ಅನುಭವವೆಷ್ಟು ಎಂದು ಪ್ರತಿ ಚಿಕಿತ್ಸಾಲಯವನ್ನೂ ಕೇಳಬೇಕು. ಉತ್ತರವಿಲ್ಲದಿದ್ದರೆ ಎದ್ದು ಬರಬೇಕು. ಮೈಬಣ್ಣಕ್ಕೂ ಮದ್ದುಂಟು ಎನ್ನುವವರಿಗೆ ಮಾತ್ರ ಬಾಗಿಲು ಮುಚ್ಚಿರಲಿ, ಅವರು ಸ್ವಂತ ಬಂಧುಗಳೇ ಆಗಿದ್ದರೂ.