ಆರು ವಾರ ನಿಲ್ಲಿಸಬೇಕಂತೆ, ಯಾಕೆ ಸ್ವಾಮಿ?

ಮೊನ್ನೆ ಶನಿವಾರ ಗೆಳತಿಯೊಬ್ಬಳ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಇಂಜಿನಿಯರಿಂಗಿನಲ್ಲಿ ನನ್ನ ಕ್ಲಾಸ್‌ಮೇಟು. (ಆಗ ಅವಳನ್ನು ಹುಡುಗನ ಹೆಸರಿಂದ ಕರೀತಿದ್ವಿ, ಆ ಹೆಸರು ಇಲ್ಲಿ ಬೇಡ.) ಐದು ವರ್ಷದಿಂದ ಈಸ್ಟ್ರೋಜನ್ ತಗೋತಿದ್ದಾಳೆ, ಈಗ ಆಪರೇಷನ್ನಿಗೆ ದುಡ್ಡು ಕೂಡಿಸಿದ್ದಾಳೆ. ಸರ್ಜನ್ ಸಾಹೇಬರು ಫೈಲ್ ತಿರುವಿ, "ಆರು ವಾರ ಮೊದಲೇ ಹಾರ್ಮೋನ್ ನಿಲ್ಲಿಸಿಬಿಡಿ" ಅಂದರು. ಯಾಕೆ ಸಾರ್ ಅಂದ್ರೆ, "ರಕ್ತ ಹೆಪ್ಪುಗಟ್ಟುತ್ತೆ, ಪ್ರೋಟೋಕಾಲ್". ಅಷ್ಟೇ! ಯಾವ ಔಷಧಿ, ಎಷ್ಟು ಡೋಸು, ಸಿಗರೇಟು ಸೇದ್ತೀರಾ, ಹಿಂದೆ ಯಾವತ್ತಾದ್ರೂ ರಕ್ತ ಹೆಪ್ಪುಗಟ್ಟಿತ್ತಾ... ಒಂದನ್ನೂ ಕೇಳಲಿಲ್ಲ.

ನಮ್ಮ ಆಫೀಸಿನ ಹಳೇ ಕೋಡಿನಲ್ಲಿ "ಈ ಸಾಲು ಮುಟ್ಟಬೇಡಿ" ಅಂತ ಕಾಮೆಂಟ್ ಇರುತ್ತೆ. ಬರೆದವನು ಕೆಲಸ ಬಿಟ್ಟು ಯಾವ ಕಾಲವಾಯ್ತೋ. ಇದೂ ಅಂಥದ್ದೇ.

ಭಯವೇನೂ ಸುಳ್ಳಲ್ಲ. 1989ರಲ್ಲಿ ನೆದರ್ಲೆಂಡ್ಸಿನ ವೈದ್ಯರು 303 ಟ್ರಾನ್ಸ್ ಮಹಿಳೆಯರ ಲೆಕ್ಕ ಕೊಟ್ಟಾಗ, ರಕ್ತ ಹೆಪ್ಪುಗಟ್ಟುವುದು ನಿರೀಕ್ಷೆಗಿಂತ 45 ಪಟ್ಟು ಹೆಚ್ಚಿತ್ತು. ಆದರೆ ಆಗ ಅಲ್ಲಿ ಕೊಡುತ್ತಿದ್ದದ್ದು ಎಥಿನೈಲ್ ಈಸ್ಟ್ರಾಡಿಯೋಲ್, ದಿನಕ್ಕೆ 100 ಮೈಕ್ರೋಗ್ರಾಂ. ಗರ್ಭನಿರೋಧಕ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರೋದು 20ರಿಂದ 35. ಅದು ಲಿವರ್‌ನಲ್ಲಿ ಸುಲಭವಾಗಿ ಕರಗದೆ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹೆಚ್ಚಿಸುತ್ತೆ. ನನ್ನ ಗೆಳತಿ ಹಚ್ಚಿಕೊಳ್ಳೋದು ಈಸ್ಟ್ರಾಡಿಯೋಲ್ ಜೆಲ್. ಚರ್ಮದಿಂದ ನೇರ ರಕ್ತಕ್ಕೆ ಹೋಗುತ್ತೆ. ಎರಡೂ ಒಂದೇನಾ?

ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯವರು 2021ರಲ್ಲಿ ಯೋನಿ ರಚನೆಯ 407 ಆಪರೇಷನ್‌ಗಳ ಲೆಕ್ಕ ಪ್ರಕಟಿಸಿದರು. 190ರಲ್ಲಿ ಹಾರ್ಮೋನ್ ನಿಲ್ಲಿಸಿದ್ದರು. ರಕ್ತ ಹೆಪ್ಪುಗಟ್ಟಿದ್ದು ಒಬ್ಬರಿಗೆ ಮಾತ್ರ, ಅದೂ ನಿಲ್ಲಿಸಿದವರಲ್ಲಿ! ಒಪ್ಪಿದೆ, ಒಂದೇ ಆಸ್ಪತ್ರೆಯ ಹಳೇ ದಾಖಲೆ, ಇಷ್ಟು ಅಪರೂಪದ ತೊಂದರೆಗೆ 407 ಸಣ್ಣ ಸಂಖ್ಯೆ. ಆದರೆ "ಪ್ರೋಟೋಕಾಲ್" ಅನ್ನೋ ಒಂದು ಪದಕ್ಕಿಂತ ದೊಡ್ಡದು ತಾನೆ?

ನಿಲ್ಲಿಸಿದರೆ ಏನು ಮಹಾ ಅಂತೀರಾ? ಹೋದ ವರ್ಷ ಇನ್ನೊಂದು ಕಡೆ ಹೀಗೇ ನಿಲ್ಲಿಸಿದ್ದಳು. ಡೇಟು ಎರಡು ಸಲ ಮುಂದಕ್ಕೆ ಹೋಯ್ತು, ಆರು ವಾರ ಮೂರು ತಿಂಗಳು ದಾಟಿತು, ಕೊನೆಗೆ ಆಪರೇಷನ್ನೇ ಆಗಲಿಲ್ಲ. ವೃಷಣಗಳು ಇನ್ನೂ ಇವೆಯಲ್ಲ, ಟೆಸ್ಟೋಸ್ಟಿರಾನ್ ವಾಪಸ್ ಏರಿತು. ಗಡ್ಡ ಒರಟಾಯ್ತು, ನಿದ್ದೆ ಹೋಯ್ತು. ನಾನು ಊಟ ತಗೊಂಡು ಹೋಗಿ ಬಾಗಿಲು ಬಡಿದರೆ ತೆಗೀತಿರಲಿಲ್ಲ. ಡಬ್ಬಿ ಹೊರಗಿಟ್ಟು ಬರ್ತಿದ್ದೆ. ಆ ಮೂರು ತಿಂಗಳು ಯಾವ ಪ್ರೋಟೋಕಾಲಿನ ಲೆಕ್ಕದಲ್ಲಿದೆ?

ಎಲ್ಲರೂ ಮುಂದುವರಿಸಿ ಅಂತ ನಾನು ಹೇಳ್ತಿಲ್ಲ. ಚೀಟಿ ಇಲ್ಲದೆ ಮೆಡಿಕಲ್ ಶಾಪಿಂದ ಗರ್ಭನಿರೋಧಕ ಮಾತ್ರೆ ತಂದು ದಿನಕ್ಕೆ ಮೂರು-ನಾಲ್ಕು ನುಂಗುವವರಿದ್ದಾರೆ. ಸಿಗರೇಟು ಸೇದುವವರಿದ್ದಾರೆ. ಅವರಿಗೆ ನಿಲ್ಲಿಸೋದೋ ಬದಲಿಸೋದೋ ಸರಿಯೇ ಇರಬಹುದು. ಅದು ಗೊತ್ತಾಗೋಕೆ ಬಾಯಿಬಿಟ್ಟು ಕೇಳಬೇಕು! ಆಪರೇಷನ್ ಆದಮೇಲೆ ಬೇಗ ಎಬ್ಬಿಸಿ ನಡೆಸೋದು, ಬೇಕಾದವರಿಗೆ ಹೆಪಾರಿನ್ ಇಂಜೆಕ್ಷನ್... ಇದರ ಸುದ್ದಿಯೇ ಇಲ್ಲ.

ಸಂಸತ್ತು 2019ರಲ್ಲಿ ಪಾಸು ಮಾಡಿದ ಟ್ರಾನ್ಸ್‌ಜೆಂಡರ್ ಕಾಯ್ದೆಯ 15ನೇ ಸೆಕ್ಷನ್, ಈ ಆಪರೇಷನ್ನಿನ ಬಗ್ಗೆ ಸರ್ಕಾರ ಡಬ್ಲ್ಯುಪ್ಯಾತ್ ಸಂಸ್ಥೆಯ ಮಾರ್ಗಸೂಚಿಯಂತೆ ಕೈಪಿಡಿ ತರಬೇಕು ಅಂದಿತ್ತು. ಆ ಸಂಸ್ಥೆಯ 2022ರ ಆವೃತ್ತಿಯ ಪ್ರಕಾರ ಹಾರ್ಮೋನ್ ಕೊಡುವ ವೈದ್ಯರು, ಸರ್ಜನ್ ಕೂಡಿ ಮಾತಾಡಿ ತೀರ್ಮಾನಿಸಬೇಕು. ನಮ್ಮ ಸಾಹೇಬರು ಒಂದು ಫೋನೂ ಮಾಡಲಿಲ್ಲ.

ಗುರುವಾರ ಮತ್ತೆ ಹೋಗ್ತಿದ್ದೀವಿ, ಅವಳ ಹಾರ್ಮೋನ್ ಡಾಕ್ಟರ ಪತ್ರ ಹಿಡಿದುಕೊಂಡು. ಓದುವವರಲ್ಲಿ ಡಾಕ್ಟರುಗಳಿದ್ದರೆ, ಜೆಲ್ ಹಚ್ಚುವವರೂ ಆರು ವಾರ ನಿಲ್ಲಿಸಲೇಬೇಕು ಅನ್ನೋದಕ್ಕೆ ಆಧಾರ ಗೊತ್ತಿದ್ದರೆ, ದಯವಿಟ್ಟು ಅಷ್ಟರೊಳಗೆ ತಿಳಿಸಿ. ನಾನೇ ಅವಳನ್ನು ಒಪ್ಪಿಸ್ತೀನಿ.