ಗಾಯ ಮಾಯ್ದರೆ ಸಾಕೇ?

ನಮ್ಮ ಸುತ್ತೂರಿನಲ್ಲಿ ಪಕ್ಕದ ಮನೆಯ ಸೊಸೆಯ ಬೆರಳು ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ತುದಿ ಹೋಯಿತು. ಮೈಸೂರಿನಲ್ಲಿ ವೈದ್ಯರು ಪಕ್ಕದ ಬೆರಳಿನ ಚರ್ಮ ಹೊದಿಸಿ, ಎರಡನ್ನೂ ಎರಡು ಮೂರು ವಾರ ಒಟ್ಟಿಗೆ ಹೊಲಿದಿಟ್ಟು, ಆಮೇಲೆ ಬಿಡಿಸಿದರು. ಗಾಯ ಮಾಯಿತು, ಬೆರಳು ಮಾತ್ರ ಮಡಚಲೊಲ್ಲದು. "ಅವಳ ಹಣೆಬರಹ" ಎಂದರು ಅತ್ತೆ.

ಹಣೆಬರಹವಲ್ಲ ತಾಯಿ! ಅಲುಗಾಡದೆ ಕೂತ ಕೀಲು ಬಿಗಿಯುತ್ತದೆ. ಬಾವು, ಕಲೆ ಅದನ್ನು ಇನ್ನಷ್ಟು ಹಿಡಿಯುತ್ತವೆ. ವೈದ್ಯರು ಹೇಳಿದ ದಿನದಿಂದ, ಕೀಲಿನ ಕೆಳಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದು, ಒಂದೊಂದೇ ಕೀಲನ್ನು ಮೆಲ್ಲಗೆ ಮಡಚಿ ನೀಡಬೇಕು. ಮಕ್ಕಳಿಗೆ ಅಕ್ಷರ ತಿದ್ದಿಸಿದ ಹಾಗೆ ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ. 1940ರ ದಶಕದ ಕೊನೆಯಲ್ಲಿ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈ ಸರಿಪಡಿಸತೊಡಗಿದ ಡಾ. ಪಾಲ್ ಬ್ರ್ಯಾಂಡ್ ವ್ಯಾಯಾಮವನ್ನೂ ಚಿಕಿತ್ಸೆಯ ಭಾಗವಾಗಿಯೇ ಕಂಡರು.

ಆಪರೇಷನ್ನಿಗೆ ಸಾಲ ಮಾಡಿದ ಮನೆ ವ್ಯಾಯಾಮ ಕಲಿಯಲು ಅವಳನ್ನು ಮತ್ತೆ ಕಳಿಸಲಿಲ್ಲ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಹಾಗಾದರೆ ಅಡ್ಡ ಬಂದದ್ದು ದುಡ್ಡಲ್ಲ. ಅವಳಿಗೆ ಬಿಡುವು ಕೊಡದ ನಮ್ಮ ಮನಸ್ಸು. ಅವಳು ಬೆರಳು ಮಡಚುತ್ತ ಕೂತರೆ ನಮಗದು ಸೋಮಾರಿತನ!

ಆ ಕೈ ಕಟ್ಟಿದ ಮುದ್ದೆ ಬೇಕು. ಆ ಕೈಗೆ ಹತ್ತು ನಿಮಿಷ ಬೇಡ. ಇದು ಯಾವ ನ್ಯಾಯ?