ಭಯದ ಚಿತ್ರಕಥೆ ಮತ್ತು ವ್ಯಕ್ತಿತ್ವ ವಿಕಸನದ ಸಂಕಥನ

ಕನ್ನಡದ ಜನಪ್ರಿಯ ಕಥನಗಳಲ್ಲಿ ಭಯಾನಕವೆಂದರೆ ಬಹುಮಟ್ಟಿಗೆ ಮಾಟ, ಮಂತ್ರ, ದೆವ್ವ. ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಹಾಗೂ ಅದನ್ನು ಆಧರಿಸಿದ 1985ರ ಚಲನಚಿತ್ರ ಇದಕ್ಕೆ ನಿದರ್ಶನ. ಇಲ್ಲಿ ಕೇಡು ಹೊರಗಿನಿಂದ ಎರಗುತ್ತದೆ. ಬದುಕನ್ನು ಬದಲಿಸುವ ಭರವಸೆಯಿತ್ತು ಅನುಯಾಯಿಗಳನ್ನು ನುಂಗುವ ಪಂಥವನ್ನು ಕುರಿತ ಭಯಾನಕ ಚಿತ್ರಕಥೆಯ ನೆಲೆ ಇದಕ್ಕಿಂತ ಭಿನ್ನವಾದುದು. ಅಲ್ಲಿ ಬಲಿಯಾಗುವವರೇ ಶುಲ್ಕ ಕಟ್ಟಿ ಒಳಹೋಗುತ್ತಾರೆ. ಇಂತಹ ಕಥನವನ್ನು ಅಗ್ಗದ ಮನರಂಜನೆಯೆಂದು ಕನ್ನಡ ವಿಮರ್ಶೆ ಬದಿಗಿರಿಸುವುದು ಸರಿಯಲ್ಲ.

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದಾಗ 1976ರಲ್ಲಿ ರಚಿಸಿದ ಸಮಿತಿಯು ಪವಾಡಗಳನ್ನು ಪರೀಕ್ಷೆಗೆ ಒಡ್ಡಲು ಹೊರಟಿತು. ಅಮಾನವೀಯ ಆಚರಣೆ ಹಾಗೂ ವಾಮಾಚಾರಗಳ ವಿರುದ್ಧ 2017ರಲ್ಲಿ ರಾಜ್ಯದ ಶಾಸಕಾಂಗ ಮಸೂದೆ ಅಂಗೀಕರಿಸಿತು. 2020ರಲ್ಲಿ ಕಾಯ್ದೆ ಜಾರಿಗೆ ಬಂದಿತು. ಆದರೆ ಸ್ವಸಹಾಯದ ಗುರು ಪವಾಡ ಮಾಡುವುದಿಲ್ಲ, ರಕ್ತ ಹರಿಸುವುದಿಲ್ಲ. ‘ನಿನ್ನ ಸೋಲಿಗೆ ನಿನ್ನ ಆಲೋಚನೆಯೇ ಕಾರಣ’ ಎನ್ನುತ್ತಾನೆ, ಅಷ್ಟೆ. ಪುರಾವೆಯ ಪ್ರಶ್ನೆಯಾಗಲಿ ಶಿಕ್ಷೆಯ ಭೀತಿಯಾಗಲಿ ಈ ಮಾತನ್ನು ಮುಟ್ಟಲಾರವು.

ಬರಗೂರಿನ ಸುತ್ತಣ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯಲ್ಲಿಟ್ಟು ನೋಡಿದರೆ ಈ ಮಾತಿನ ಕ್ರೌರ್ಯ ಸ್ಪಷ್ಟವಾಗುತ್ತದೆ. ಮಳೆಯನ್ನೇ ನೆಚ್ಚಿ ಶೇಂಗಾ ಬಿತ್ತಿದವರ, ಪಾವಗಡದಲ್ಲಿ ಫ್ಲೋರೈಡ್ ಬೆರೆತ ನೀರು ಕುಡಿದು ಹಲ್ಲು, ಮೂಳೆ ಕೆಡಿಸಿಕೊಂಡವರ ಬವಣೆಗೆ ಅವರ ಮನೋಭಾವವೇ ಕಾರಣವೆಂದಂತಾಗುತ್ತದೆ. ಇದೇ ಬರಗೂರಿನಲ್ಲಿ ಹುಟ್ಟಿದ ರಾಮಚಂದ್ರಪ್ಪನವರು ಮುಂಚೂಣಿಯಲ್ಲಿದ್ದ ಬಂಡಾಯ ಸಾಹಿತ್ಯ ಸಂಘಟನೆ 1979ರಲ್ಲಿ ರೂಪುಗೊಂಡಿತು. ಬಡತನ, ಅಪಮಾನಗಳ ಬೇರನ್ನು ಅದು ಸಮಾಜದ ವ್ಯವಸ್ಥೆಯಲ್ಲಿ ಹುಡುಕಿತು. ಬಂಡಾಯವು ವ್ಯಕ್ತಿಯ ಹೆಗಲಿನಿಂದ ಇಳಿಸಿದ ಹೊರೆಯನ್ನು ಈ ಗುರು ಮತ್ತೆ ಅದೇ ಹೆಗಲಿಗೆ ಏರಿಸುತ್ತಾನೆ. ನಿಜವಾದ ಭಯಾನಕ ಇರುವುದು ಇಲ್ಲಿ.

ಇದನ್ನು ತೋರಿಸಲು ಚಿತ್ರಕಥೆಗೆ ವಿಶೇಷ ಶಕ್ತಿಯಿದೆ. 1965ರಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲೇ ಆರಂಭಗೊಂಡ ‘ಅಮರ ಚಿತ್ರ ಕಥೆ’ ಮುಂದೆ ಸಂತರ ಚರಿತ್ರೆಗಳನ್ನು ಮಕ್ಕಳಿಗೆ ತಲುಪಿಸಿತು. ಗುರುವಿನ ಪ್ರಭಾವಳಿಯನ್ನು ನಂಬಿಸಬಲ್ಲ ಮಾಧ್ಯಮವೇ ಅದರ ಹಿಂದಿನ ಕತ್ತಲೆಯನ್ನೂ ಕಾಣಿಸಬಲ್ಲದು. ಚೌಕಟ್ಟಿನಿಂದ ಚೌಕಟ್ಟಿಗೆ ಅನುಯಾಯಿಗಳ ಸ್ವಂತ ಮಾತು ಕರಗಿ, ಎಲ್ಲರ ಬಾಯಲ್ಲೂ ಗುರುವಿನ ಒಂದೇ ವಾಕ್ಯ ಉಳಿಯುವುದನ್ನು ಒಂದು ಪುಟದಲ್ಲಿ ಚಿತ್ರಿಸಬಹುದು.

ಆತ್ಮವಿಶ್ವಾಸ ಮೂಡಿಸುವ ಪುಸ್ತಕವೆಲ್ಲ ಪಂಥವಲ್ಲ, ನಿಜ. ಪ್ರಶ್ನೆ ಕೇಳುವವನಿಗೆ ಅಲ್ಲಿ ಜಾಗವಿದೆಯೇ ಎಂಬುದೇ ಇವೆರಡನ್ನು ಬೇರ್ಪಡಿಸುವ ಗೆರೆ. ಪುಸ್ತಕದಂಗಡಿಗಳಲ್ಲಿ ಕಾವ್ಯದ ಪಕ್ಕದಲ್ಲೇ ಮಾರಾಟವಾಗುವ ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ಈ ಪ್ರಶ್ನೆಯೊಂದಿಗೆ ಓದುವ ಹೊಣೆ ಕನ್ನಡ ಅಧ್ಯಯನ ವಿಭಾಗಗಳ ಮೇಲಿದೆ.